ಹೊಸ ಕಂಪೈಲರ್ ಹಾಕಿದ ಮೇಲೆ ಲಾರಿ ತೂಕ ಹತ್ತು ಪಟ್ಟಾಯಿತು, ತಪ್ಪು ಯಾರದು?

ಪ್ರಶ್ನೆ: "ಸರ್, ಗಂಗಾವತಿ ಹತ್ತಿರ ಒಂದು ರೈಸ್ ಮಿಲ್‌ನಲ್ಲಿ ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತೇನೆ. ನಮ್ಮ ವೇಬ್ರಿಡ್ಜ್ ತೂಕ ಓದಿ ಚೀಟಿ ಪ್ರಿಂಟ್ ಮಾಡುವ ಪ್ರೋಗ್ರಾಂ ಸಿ ಭಾಷೆಯಲ್ಲಿದೆ. ನನಗಿಂತ ಮುಂಚೆ ಇದ್ದವರು ಬರೆದದ್ದು. ಅವರು ಈಗ ಬೆಂಗಳೂರಿನಲ್ಲಿದ್ದಾರೆ, ಫೋನ್ ಎತ್ತಲ್ಲ. ಹಳೇ ಪಿಸಿ 32 ಬಿಟ್, ಅದರಲ್ಲಿ ಡೆಬಿಯನ್ 9 ಲಿನಕ್ಸ್, ಸೋರ್ಸನ್ನು (ಬರೆದ ಕೋಡನ್ನು) ಓಡುವ ಪ್ರೋಗ್ರಾಂ ಮಾಡುವ ಕಂಪೈಲರ್ ಜಿಸಿಸಿ 6.3. ಇಷ್ಟು ವರ್ಷದಲ್ಲಿ ಒಂದು ದಿನವೂ ತಪ್ಪು ತೋರಿಸಿಲ್ಲ. ಈಗ ಹೊಸ ಪಿಸಿಗೆ ಡೆಬಿಯನ್ 13 ಹಾಕಿ, ಜಿಸಿಸಿ 14.2ರಲ್ಲಿ ಅದೇ ಸೋರ್ಸ್ ಬಿಲ್ಡ್ ಮಾಡಿದರೆ ಎರಡು ಥರ ಎರರ್: ಮಲ್ಟಿಪಲ್ ಡೆಫಿನಿಷನ್, ಇಂಪ್ಲಿಸಿಟ್ ಡಿಕ್ಲರೇಷನ್. ನೆಟ್‌ನಲ್ಲಿ ಹುಡುಕಿ ಎಫ್‌ಕಾಮನ್, ಎಫ್‌ಪರ್ಮಿಸಿವ್, ಚಿಕ್ಕ ಡಬ್ಲ್ಯು, ಮೂರೂ ಫ್ಲ್ಯಾಗ್ (ಕಂಪೈಲರ್‌ಗೆ ಕೊಡುವ ಸೂಚನೆ) ಹಾಕಿದೆ. ಬಿಲ್ಡ್ ಆಯಿತು. ಆದರೆ ದಿನಕ್ಕೆ ಮೂರು ನಾಲ್ಕು ಲಾರಿಗೆ ತೂಕ ಹುಚ್ಚುಚ್ಚಾಗಿ ಬರುತ್ತದೆ. 12,480 ಕೆಜಿ ಇದ್ದದ್ದು 1,24,803 ಅಂತ, 9,760 ಇದ್ದದ್ದು 97,602 ಅಂತ. ಇಂಡಿಕೇಟರ್ ಡಿಸ್‌ಪ್ಲೇಯಲ್ಲಿ ಸರಿಯಾಗಿಯೇ ಇರುತ್ತದೆ. ರೀಪ್ರಿಂಟ್ ಒತ್ತಿದರೆ ಪ್ರೋಗ್ರಾಂ ಬಿದ್ದೇ ಹೋಗುತ್ತದೆ. ಆಪ್ಟಿಮೈಸೇಷನ್ ಮಾಡುವ (ಪ್ರೋಗ್ರಾಂ ವೇಗ ಹೆಚ್ಚಿಸುವ) ಓ2 ಫ್ಲ್ಯಾಗ್ ತೆಗೆದು, ಅದನ್ನು ಮಾಡದ ಓ0 ಹಾಕಿದರೆ ತೂಕ ಸರಿ ಬರುತ್ತದೆ, ರೀಪ್ರಿಂಟ್ ಮಾತ್ರ ಆಗಲೂ ಬೀಳುತ್ತದೆ. ಜೊತೆಗೆ ಕನ್ನಡ ಸ್ಕ್ರೀನ್ ಮಾಡೋಣ ಅಂತ ಸ್ಕ್ರೀನ್ ಕಟ್ಟುವ ಕ್ಯೂಟಿ ಲೈಬ್ರರಿಯನ್ನು ಸೋರ್ಸಿನಿಂದ ಬಿಲ್ಡ್ ಮಾಡುವಾಗ ಮಧ್ಯಾಹ್ನ ಎರಡು ಸಲ ಇಂಟರ್ನಲ್ ಕಂಪೈಲರ್ ಎರರ್ ಬಂತು, ಬೇರೆ ಬೇರೆ ಫೈಲಿನಲ್ಲಿ. ಗೆಳೆಯರೊಬ್ಬರು ಜಿಸಿಸಿ 14 ಸರಿ ಇಲ್ಲ, ಹಳೇದಕ್ಕೆ ಹೋಗು ಅಂತಾರೆ. ಸಾಹುಕಾರರು ಹಳೇ ಪಿಸಿ ಗುಜರಿಗೆ ಹಾಕು ಅಂತಾರೆ. ಏನು ಮಾಡಲಿ? ತೂಕ ಓದುವ ಫಂಕ್ಷನ್ನನ್ನು ಜೊತೆಗೆ ಕಳಿಸಿದ್ದೇನೆ."

ಉತ್ತರ:

ಮೊದಲು ಹಳೇ ಪಿಸಿಯನ್ನು ಗುಜರಿಯಿಂದ ಉಳಿಸಿ. ಉಳಿದದ್ದೆಲ್ಲ ಆಮೇಲೆ. ಅದರ ಡಿಸ್ಕಿನ ಪೂರ್ತಿ ಇಮೇಜ್ ಒಂದು ತೆಗೆದಿಡಿ, ಈ ವಾರದ ಚೀಟಿಗಳನ್ನು ಅದರಲ್ಲೇ ಹೊಡೆಯಿರಿ. ಹೊಸ ಪಿಸಿಯಿಂದ ರೈತರ ಕೈಗೆ ಚೀಟಿ ಕೊಡುವುದು ಸದ್ಯಕ್ಕೆ ಬೇಡ.

ಈಗ ವಿಷಯಕ್ಕೆ ಬರೋಣ. ನಿಮ್ಮ ಪತ್ರದಲ್ಲಿ ಒಂದು ತೊಂದರೆ ಅಲ್ಲ, ನಾಲ್ಕಿವೆ. ನಾಲ್ಕೂ ಒಂದೇ ದಿನ ಕಣ್ಣಿಗೆ ಬಿದ್ದವು ಅನ್ನೋ ಕಾರಣಕ್ಕೆ ನಾಲ್ಕನ್ನೂ ಜಿಸಿಸಿ 14ರ ತಲೆಗೆ ಕಟ್ಟಿದ್ದೀರಿ. ಹಾಗೆ ಅನಿಸುವುದು ಸಹಜ. ಹೊಸದು ಹಾಕಿದೆ, ಕೆಟ್ಟಿತು, ಅಂದರೆ ಹೊಸದೇ ಕೆಟ್ಟದ್ದು, ಅಲ್ವಾ? ಬಳ್ಳಾರಿಯಲ್ಲಿ ಕೂತು ಇಂಥ ಹಳೇ ಸೋರ್ಸುಗಳನ್ನು ಹೊಸ ಮಷಿನ್ನಿಗೆ ಎಬ್ಬಿಸುವ ಕೆಲಸ ಮಾಡಿ ಮಾಡಿ ನನಗೆ ಗೊತ್ತಾಗಿರೋದು ಬೇರೆ. ‘ಕಂಪೈಲರ್ ಬಗ್’ ಅಂತ ನನ್ನ ಹತ್ತಿರ ಬಂದವುಗಳಲ್ಲಿ ನಿಜಕ್ಕೂ ಕಂಪೈಲರ್ ಬಗ್ ಆಗಿದ್ದವನ್ನು ಒಂದು ಕೈ ಬೆರಳಲ್ಲಿ ಎಣಿಸಬಹುದು.

ಹಾಗಂತ ಕಂಪೈಲರ್ ದೇವರೇನಲ್ಲ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದವರು ಸಿಸ್ಮಿತ್ ಅನ್ನೋ ಒಂದು ಸಾಧನ ಮಾಡಿದ್ದರು. ಅದು ತಾನೇ ಸಿ ಪ್ರೋಗ್ರಾಂಗಳನ್ನು ಹುಟ್ಟಿಸಿ ಕಂಪೈಲರ್‌ಗಳಿಗೆ ತಿನ್ನಿಸುತ್ತದೆ. ಅದರಿಂದ ಜಿಸಿಸಿ, ಎಲ್‌ಎಲ್‌ವಿಎಂ ಮುಂತಾದವುಗಳಲ್ಲಿ ಅದುವರೆಗೆ ಯಾರಿಗೂ ಗೊತ್ತಿಲ್ಲದ 325ಕ್ಕೂ ಹೆಚ್ಚು ಬಗ್ ಸಿಕ್ಕಿದವು ಅಂತ 2011ರಲ್ಲಿ ಅವರು ಹೇಳಿದರು. ಹಾಗಾಗಿ ಬಗ್ ಇರುತ್ತವೆ. ಆದರೆ ನಿಮ್ಮದು ಅದಲ್ಲ, ಯಾಕೆ ಅಂತ ಒಂದೊಂದಾಗಿ ಹೇಳ್ತೀನಿ. (ಫ್ಲ್ಯಾಗುಗಳನ್ನು ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ, ಮುಂದೊಂದು ಮೈನಸ್.)

ಮಲ್ಟಿಪಲ್ ಡೆಫಿನಿಷನ್ ಸುಲಭದ್ದು. ನಿಮ್ಮ ಹೆಡರ್ ಫೈಲಿನಲ್ಲಿ (ಹಲವು ಫೈಲುಗಳು ಹಂಚಿಕೊಳ್ಳುವ ಘೋಷಣೆಗಳ ಫೈಲು) ‘ಇಂಟ್ ಪೋರ್ಟ್’ ಥರದ ಒಂದು ಗ್ಲೋಬಲ್ ವೇರಿಯಬಲ್ ಇದೆ, ‘ಇದರ ಜಾಗ ಬೇರೆ ಕಡೆ ಇದೆ’ ಅಂತ ಹೇಳುವ ಎಕ್ಸ್‌ಟರ್ನ್ ಪದ ಇಲ್ಲದೆ. ಆ ಹೆಡರನ್ನು ಮೂರು ಫೈಲು ಸೇರಿಸಿಕೊಂಡರೆ ಮೂರೂ ಕಡೆ ಅದೇ ಹೆಸರು ಹುಟ್ಟುತ್ತದೆ. ಮೊದಲು ಈ ಫೈಲುಗಳನ್ನು ಜೋಡಿಸುವ ಲಿಂಕರ್ ‘ಒಂದೇ ಮನೆಯವರಿರಬೇಕು’ ಅಂತ ಮೂರನ್ನೂ ಸೇರಿಸಿ ಸುಮ್ನಿರುತ್ತಿತ್ತು. 2020ರಲ್ಲಿ ಬಂದ ಜಿಸಿಸಿ 10ರಿಂದ ಆ ರಿಯಾಯಿತಿ ನಿಂತಿದೆ. ಎಫ್‌ಕಾಮನ್ ಹಾಕಿದರೆ ಹಳೇ ರಿಯಾಯಿತಿ ವಾಪಸ್ ಬರುತ್ತದೆ. ತೊಂದರೆ ಎಲ್ಲಿ ಅಂದರೆ, ಒಂದು ಫೈಲಿನಲ್ಲಿ ಆ ಹೆಸರು ಇಂಟ್ (ಪೂರ್ಣಾಂಕ) ಆಗಿದ್ದು ಇನ್ನೊಂದರಲ್ಲಿ ಡಬಲ್ (ದಶಮಾಂಶ ಸಂಖ್ಯೆ) ಆಗಿದ್ದರೂ ಅದು ಅವೆರಡನ್ನೂ ಒಂದೇ ಜಾಗಕ್ಕೆ ಕೂರಿಸಿಬಿಡಬಹುದು. ಸರಿಯಾದ ದಾರಿ ಹತ್ತು ನಿಮಿಷದ್ದು: ಹೆಡರಿನಲ್ಲಿ ಎಕ್ಸ್‌ಟರ್ನ್ ಹಾಕಿ, ಯಾವುದಾದರೂ ಒಂದೇ ಒಂದು ಸಿ ಫೈಲಿನಲ್ಲಿ ನಿಜವಾದ ಡೆಫಿನಿಷನ್ ಇಡಿ.

ಇಂಪ್ಲಿಸಿಟ್ ಡಿಕ್ಲರೇಷನ್ನಿಗೂ ನಿಮ್ಮ ರೀಪ್ರಿಂಟ್ ಬೀಳುವುದಕ್ಕೂ ನಂಟಿದೆ. ನೀವು ಅವನ್ನು ಬೇರೆ ಬೇರೆ ಅಂದುಕೊಂಡಿದ್ದೀರಿ. ಒಂದು ಫಂಕ್ಷನ್ ಏನು ವಾಪಸ್ ಕೊಡುತ್ತದೆ ಅಂತ ಮೊದಲೇ ಹೇಳದೆ ಅದನ್ನು ಕರೆದರೆ, ಹಳೇ ಸಿ ಪದ್ಧತಿಯಲ್ಲಿ ‘ಇಂಟ್ ಕೊಡುತ್ತೆ ಬಿಡು’ ಅಂತ ಕಂಪೈಲರ್ ಊಹಿಸುತ್ತಿತ್ತು. ಈ ಊಹೆಯನ್ನು ಸಿ ಭಾಷೆಯ 1999ರ ಮಾನದಂಡದಲ್ಲೇ ತೆಗೆದುಹಾಕಿದ್ದಾರೆ. ಜಿಸಿಸಿ ಮಾತ್ರ 25 ವರ್ಷ ಹೆಚ್ಚೆಂದರೆ ವಾರ್ನಿಂಗ್ ಕೊಡುತ್ತಾ ಬಂತು, 2024ರ ಮೇ ತಿಂಗಳಲ್ಲಿ ಬಂದ ಜಿಸಿಸಿ 14ರಲ್ಲಿ ಎರರ್ ಮಾಡಿತು. ಇಷ್ಟು ದಿನ ತಾಳಿಕೊಂಡಿದ್ದೇ ಜಾಸ್ತಿ ಅಂತ ನನಗೆ ಅನಿಸುತ್ತದೆ.

ನಿಮ್ಮ ರೀಪ್ರಿಂಟ್ ಭಾಗ ಬೇರೆ ಫೈಲಿನ ಒಂದು ಫಂಕ್ಷನ್ನನ್ನು ಕರೆದು ಚೀಟಿಯ ತಲೆಬರಹ ತರಿಸಿಕೊಳ್ಳುತ್ತಿರಬೇಕು. ಅದು ಕೊಡುವುದು ಪಾಯಿಂಟರ್, ಅಂದರೆ ಮೆಮೊರಿಯ ವಿಳಾಸ. ಹಳೇ 32 ಬಿಟ್ ಪಿಸಿಯಲ್ಲಿ ವಿಳಾಸವೂ 4 ಬೈಟ್, ಇಂಟ್ ಕೂಡ 4 ಬೈಟ್. ತಪ್ಪು ಊಹೆಯಾದರೂ ಅಳತೆ ಹೊಂದಿಕೊಂಡಿತು, ಕೆಲಸ ನಡೆಯಿತು. ಹೊಸ ಪಿಸಿಯಲ್ಲಿ ವಿಳಾಸ 8 ಬೈಟ್, ಇಂಟ್ ಅದೇ 4. ಅರ್ಧ ವಿಳಾಸ ಕತ್ತರಿಸಿ ಹೋಗುತ್ತದೆ. ಗಂಗಾವತಿ, ಮೂರನೇ ಕ್ರಾಸ್ ಅಂತ ಬರೆದು ಮನೆ ನಂಬರ್ ಬಿಟ್ಟ ಕಾಗದ ಇದ್ದ ಹಾಗೆ. ಪ್ರೋಗ್ರಾಂ ಎಲ್ಲೋ ಹೋಗಿ ಬಾಗಿಲು ತಟ್ಟುತ್ತದೆ, ಸೆಗ್‌ಫಾಲ್ಟ್ ಆಗುತ್ತದೆ, ಅಂದರೆ ಸಿಸ್ಟಂ ಅದನ್ನು ಅಲ್ಲೇ ನಿಲ್ಲಿಸಿಬಿಡುತ್ತದೆ. ಇದಕ್ಕೂ ಆಪ್ಟಿಮೈಸೇಷನ್ನಿಗೂ ಸಂಬಂಧ ಇಲ್ಲ, ಅದಕ್ಕೇ ಓ0 ಹಾಕಿದರೂ ಬೀಳುತ್ತಿದೆ. ಕಂಪೈಲರ್ ಎರರ್ ಕೊಟ್ಟು ಬೆರಳು ತೋರಿಸಿದ್ದೇ ಈ ಜಾಗವನ್ನು. ನೀವು ಎಫ್‌ಪರ್ಮಿಸಿವ್ ಹಾಕಿ ‘ಇರಲಿ, ಹೋಗು’ ಅಂದಿರಿ. ಆ ಫಂಕ್ಷನ್ನಿನ ಪ್ರೋಟೋಟೈಪನ್ನು (ಏನು ತೆಗೆದುಕೊಂಡು ಏನು ಕೊಡುತ್ತದೆ ಅಂತ ಹೇಳುವ ಸಾಲನ್ನು) ಹೆಡರಿಗೆ ಸೇರಿಸಿದರೆ ಇದು ಹೋಗುತ್ತದೆ.

ಇನ್ನು ತೂಕ. ಇದು ನನಗೆ ಬಹಳ ಇಷ್ಟವಾದ ಕೇಸು, ಬೇಜಾರು ಮಾಡ್ಕೋಬೇಡಿ. ನಿಮ್ಮ ಅಂಕಿಗಳನ್ನು ಮತ್ತೊಮ್ಮೆ ನೋಡಿ. 12,480 ಹೋಗಿ 1,24,803. 9,760 ಹೋಗಿ 97,602. ತೂಕ ಹುಚ್ಚುಚ್ಚಾಗಿ ಬರುತ್ತಿಲ್ಲ. ಸರಿಯಾದ ತೂಕವೇ ಬರುತ್ತಿದೆ, ಬಾಲಕ್ಕೆ ಒಂದು ಅಂಕಿ ಅಂಟಿಕೊಂಡು. ಮೊದಲನೆಯದಕ್ಕೆ 3, ಎರಡನೆಯದಕ್ಕೆ 2. ಆ 3 ಮತ್ತು 2 ಎಲ್ಲಿಂದ ಬಂದವು?

ನೀವು ಕಳಿಸಿದ ಫಂಕ್ಷನ್ನಿನಲ್ಲಿ ತೂಕಕ್ಕೆ 6 ಅಕ್ಷರದ ಜಾಗ ಇದೆ, ಪಕ್ಕದಲ್ಲೇ ಗೋಡೌನ್ ನಂಬರಿಗೆ 2 ಅಕ್ಷರದ ಜಾಗ. ಇಂಡಿಕೇಟರ್ ಕಳಿಸುವುದು ‘012480’ ಅಂತ ಸರಿಯಾಗಿ ಆರು ಅಂಕಿ. ಅಕ್ಷರ ನಕಲು ಮಾಡುವ ಸ್ಟ್ರ್-ಎನ್-ಕಾಪಿ ಆ ಆರನ್ನೂ ತುಂಬಿಸುತ್ತದೆ. ಆದರೆ ಸಿ ಭಾಷೆಯಲ್ಲಿ ಒಂದು ಸ್ಟ್ರಿಂಗ್ ಮುಗಿಯಿತು ಅಂತ ಹೇಳಲು ಕೊನೆಗೊಂದು ಸೊನ್ನೆ ಬೈಟ್ ಬೇಕು, ಅದಕ್ಕೆ ಜಾಗವೇ ಇಲ್ಲ. ಆಮೇಲೆ ಅಕ್ಷರಗಳನ್ನು ಸಂಖ್ಯೆ ಮಾಡುವ ಎಟುಐ ಬಂದು ಅಂಕಿ ಓದುತ್ತದೆ. ಅದಕ್ಕೆ ಆರಕ್ಕೆ ನಿಲ್ಲಿಸಬೇಕು ಅಂತ ಯಾರೂ ಹೇಳಿಲ್ಲ. ಅಂಕಿಗಳು ಸಿಗುತ್ತಿರುವಷ್ಟು ಹೊತ್ತೂ ಓದುತ್ತಲೇ ಹೋಗುತ್ತದೆ. ಏಳನೇ ಬೈಟ್ ಈಗ ಪಕ್ಕದ ಗೋಡೌನ್ ನಂಬರಿನದು. ಆಪರೇಟರ್ ಅಲ್ಲಿ 3 ಅಂತ ಒತ್ತಿದ್ದರೆ ಅದೂ ತೂಕದೊಳಗೆ ಸೇರುತ್ತದೆ. ಖಾಲಿ ಬಿಟ್ಟಿದ್ದರೆ ಅಲ್ಲಿ ಸೊನ್ನೆ ಬೈಟ್ ಇರುತ್ತದೆ, ತೂಕ ಸರಿ ಬರುತ್ತದೆ. ಎಲ್ಲಾ ಲಾರಿಗೂ ಆಗದೆ ದಿನಕ್ಕೆ ಮೂರು ನಾಲ್ಕಕ್ಕೆ ಮಾತ್ರ ಆಗುವುದು ಇದಕ್ಕೇ ಇರಬೇಕು. ತಪ್ಪು ಬಂದ ಚೀಟಿಗಳನ್ನು ತೆಗೆದು ಗೋಡೌನ್ ಕಾಲಂ ನೋಡಿ. 1,24,803 ಬಂದ ಲಾರಿ ಮೂರನೇ ಗೋಡೌನಿಗೆ ಹೋಗಿರುತ್ತದೆ ಅಂತ ನನ್ನ ಪಂದ್ಯ.

ಹಾಗಾದರೆ ಹಳೇ ಪಿಸಿಯಲ್ಲಿ ಯಾಕೆ ಆಗಲಿಲ್ಲ? ಆ ಎರಡು ಜಾಗಗಳು ಸ್ಟ್ರಕ್ಚರ್ (ವೇರಿಯಬಲ್‌ಗಳ ಒಂದು ಕಟ್ಟು) ಒಳಗಿಲ್ಲ, ಬಿಡಿಬಿಡಿ ಲೋಕಲ್ ವೇರಿಯಬಲ್‌ಗಳು. ಸ್ಟ್ರಕ್ಚರ್ ಒಳಗಿದ್ದರೆ ಬರೆದ ಕ್ರಮದಲ್ಲೇ ಇಡಬೇಕು. ಬಿಡಿಯಾಗಿದ್ದರೆ ಸ್ಟ್ಯಾಕ್ ಅನ್ನೋ ಮೆಮೊರಿ ಭಾಗದಲ್ಲಿ ಯಾವುದನ್ನು ಎಲ್ಲಿ ಇಡಬೇಕು ಅನ್ನೋದು ಕಂಪೈಲರ್ ಇಷ್ಟ. ಜಿಸಿಸಿ 6.3 ತೂಕದ ಪಕ್ಕಕ್ಕೆ ಬೇರೇನನ್ನೋ ಇಟ್ಟಿತ್ತು, ಅಲ್ಲಿ ಅಂಕಿ ಬರುತ್ತಿರಲಿಲ್ಲ. ಜಿಸಿಸಿ 14 ಓ2ರಲ್ಲಿ ಗೋಡೌನನ್ನು ಅಕ್ಕಪಕ್ಕ ಇಟ್ಟಿತು. ಓ0ರಲ್ಲಿ ಮತ್ತೆ ಬೇರೆ ಜೋಡಣೆ. ಮೂರೂ ನ್ಯಾಯವಾದ ಜೋಡಣೆಗಳೇ. ತಪ್ಪು ಆ ಸಾಲನ್ನು ಬರೆದ ದಿನದಿಂದಲೂ ಅಲ್ಲೇ ಇತ್ತು, ಈಗ ಜಾಗ ಬದಲಾಗಿದ್ದಕ್ಕೆ ಹೊರಗೆ ಬಂತು.

ಇನ್ನೊಂದು ಮಾತು, ಇದು ಸ್ವಲ್ಪ ಚುಚ್ಚುತ್ತದೆ. ಜಿಸಿಸಿ 8ರಿಂದ ಈ ಥರದ ಸ್ಟ್ರ್-ಎನ್-ಕಾಪಿ ತಪ್ಪಿಗೇ ಅಂತ ಒಂದು ವಾರ್ನಿಂಗ್ ಇದೆ. ತುಂಬುವ ಅಳತೆಯೂ ಜಾಗದ ಅಳತೆಯೂ ಒಂದೇ ಆಗಿದೆ, ಕೊನೆಯ ಸೊನ್ನೆಗೆ ಜಾಗ ಇಲ್ಲ ಅಂತ ಸಾಲಿನ ನಂಬರ್ ಸಮೇತ ಹೇಳುತ್ತದೆ. ಹಳೇ ಪಿಸಿಯ 6.3ಕ್ಕೆ ಇದು ಗೊತ್ತಿರಲಿಲ್ಲ, ನಿಮ್ಮ 14ಕ್ಕೆ ಗೊತ್ತಿದೆ. ಚಿಕ್ಕ ಡಬ್ಲ್ಯು ಹಾಕಿ ನೀವೇ ಅದರ ಬಾಯಿ ಮುಚ್ಚಿದಿರಿ. ಚಿಕ್ಕ ಡಬ್ಲ್ಯು ಬಾಯಿ ಮುಚ್ಚಿಸುತ್ತದೆ, ದೊಡ್ಡ ಡಬ್ಲ್ಯು ಪಕ್ಕ ಆಲ್ ಸೇರಿಸಿದರೆ ಬಾಯಿ ಬಿಡಿಸುತ್ತದೆ, ಒಂದಕ್ಕೊಂದು ಪೂರ್ತಿ ಉಲ್ಟಾ. ವೇಬ್ರಿಡ್ಜ್ ಪ್ಲಾಟ್‌ಫಾರಂ ಕೆಳಗೆ ಕೆಸರು, ಹೊಟ್ಟು ಸಿಕ್ಕಿಕೊಂಡು ಖಾಲಿ ಇದ್ದಾಗಲೂ 40 ಕೆಜಿ ತೋರಿಸಿದರೆ ಕೆಲವರು ಕೆಳಗೆ ಇಳಿದು ನೋಡದೆ ಇಂಡಿಕೇಟರಿನ ಝೀರೋ ಬಟನ್ ಒತ್ತಿಬಿಡುತ್ತಾರಲ್ಲ, ನೀವು ಮಾಡಿದ್ದು ಹೆಚ್ಚುಕಡಿಮೆ ಅದೇ.

ನಾಲ್ಕನೆಯದು ಆ ಇಂಟರ್ನಲ್ ಕಂಪೈಲರ್ ಎರರ್. ಇದು ಮೊದಲ ಮೂರಕ್ಕಿಂತ ಬೇರೆ ಜಾತಿ. ಇಲ್ಲಿ ಕಂಪೈಲರೇ ಬಿದ್ದಿದೆ. ನಿಜವಾದ ಕಂಪೈಲರ್ ಬಗ್ ಆದರೆ ಎಷ್ಟು ಸಲ ಓಡಿಸಿದರೂ ಅದೇ ಫೈಲು, ಅದೇ ಸಾಲಿನಲ್ಲಿ ಬೀಳಬೇಕು. ನಿಮಗೆ ಎರಡು ಸಲ ಎರಡು ಕಡೆ ಬಿದ್ದಿದೆ. ಹಾಗೆ ಜಾಗ ಬದಲಿಸುತ್ತಾ ಬಿದ್ದರೆ ನಾನು ಮೊದಲು ನೋಡುವುದು ರ‍್ಯಾಮ್ ಮತ್ತು ಬಿಸಿ. ಕ್ಯೂಟಿ ಬಿಲ್ಡ್ ಅಂದರೆ ಎಲ್ಲಾ ಕೋರೂ ತಾಸುಗಟ್ಟಲೆ ಪೂರ್ತಿ ದುಡಿಯುವ ಕೆಲಸ. ನಮ್ಮ ಕಡೆ ಬೇಸಿಗೆ ಮಧ್ಯಾಹ್ನ ಹೊರಗೇ 40 ಡಿಗ್ರಿ ದಾಟುತ್ತದೆ, ಮಿಲ್ಲಿನ ತಗಡಿನ ಶೆಡ್ಡಿನಲ್ಲಿ ಕೇಳಬೇಕಾ. ರಾಯಚೂರಿನ ಒಂದು ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಇದೇ ಥರ ಆಗಿ ನಾನೂ ಎರಡು ದಿನ ಕಂಪೈಲರ್ ವರ್ಷನ್ ಬದಲಿಸುತ್ತಾ ಕೂತಿದ್ದೆ. ಕೊನೆಗೆ ಕ್ಯಾಬಿನೆಟ್ ಬಿಚ್ಚಿದರೆ ಸಿಪಿಯು ಫ್ಯಾನಿನ ಕೆಳಗೆ ಹತ್ತಿಯ ಒಂದು ಪುಟ್ಟ ಹಾಸಿಗೆ. ಬ್ರಷ್ ಹಾಕಿ ತೆಗೆದೆ, ಆಮೇಲೆ ಬಿಲ್ಡ್ ಒಂದೇ ಸಲಕ್ಕೆ ಆಯಿತು. ನಿಮ್ಮಲ್ಲಿ ಹತ್ತಿ ಬದಲು ಹೊಟ್ಟಿನ ಧೂಳು ಇರುತ್ತದೆ. ಬಿಚ್ಚಿ ನೋಡಿ, ಒಂದು ರಾತ್ರಿ ಪೂರ್ತಿ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86+ ಓಡಿಸಿ, ಬಿಲ್ಡನ್ನು ಬೆಳಗಿನ ಹೊತ್ತು ಕಡಿಮೆ ಜಾಬ್ (ಒಟ್ಟಿಗೆ ಓಡುವ ಕೆಲಸ) ಕೊಟ್ಟು ಮಾಡಿ. ‘ಕಿಲ್ಡ್’ ಅಂತ ಬಂದು ನಿಂತರೆ ಅದು ಬೇರೆ, ರ‍್ಯಾಮ್ ಸಾಲದೆ ಕರ್ನಲ್ಲೇ ಕಂಪೈಲರನ್ನು ಹೊಡೆದುಹಾಕಿದೆ ಅಂತ ಅರ್ಥ. ಅದಕ್ಕೂ ಜಾಬ್ ಕಡಿಮೆ ಮಾಡುವುದೇ ಮೊದಲ ಮದ್ದು. ಅಂದಹಾಗೆ ಡೆಬಿಯನ್‌ನಲ್ಲಿ ಕ್ಯೂಟಿ ರೆಡಿ ಪ್ಯಾಕೇಜಾಗಿಯೇ ಸಿಗುತ್ತದೆ, ಸೋರ್ಸಿನಿಂದಲೇ ಬಿಲ್ಡ್ ಮಾಡಬೇಕಾ ಅಂತ ಒಮ್ಮೆ ಯೋಚಿಸಿ.

ನಿಮ್ಮ ಗೆಳೆಯರ ಸಲಹೆಗೆ ಬರ್ತೀನಿ. ಡೆಬಿಯನ್ 13ರಲ್ಲಿ ಜಿಸಿಸಿ 13 ಕೂಡ ಹಾಕಿಕೊಳ್ಳಬಹುದು. ಹಾಕಿದರೆ ಏನಾಗುತ್ತದೆ? ಇಂಪ್ಲಿಸಿಟ್ ಎರರ್ ಮತ್ತೆ ವಾರ್ನಿಂಗ್ ಆಗುತ್ತದೆ, ಅಷ್ಟೇ. ವಿಳಾಸ ಅರ್ಧಕ್ಕೆ ಕತ್ತರಿಸುವುದು ನಿಲ್ಲಲ್ಲ, ಯಾಕೆಂದರೆ ಪಿಸಿ 64 ಬಿಟ್ಟೇ. ಮಲ್ಟಿಪಲ್ ಡೆಫಿನಿಷನ್ ಹೋಗಲ್ಲ, ಅದು 10ರಿಂದ ಇದೆ. ತೂಕದ ಏಳನೇ ಬೈಟ್ ಎಲ್ಲಿ ಬೀಳುತ್ತದೋ ಅದೃಷ್ಟ. ಈ ದಾರಿಯಿಂದ ನಿಮಗೆ ನಾಲ್ಕಾಣೆ ಲಾಭವಿಲ್ಲ.

ಓ0 ಹಾಕಿ ಓಡಿಸಿಬಿಡಲಾ ಅಂತ ಮನಸ್ಸಿಗೆ ಬಂದಿರುತ್ತದೆ. ವೇಗದ ಚಿಂತೆ ಇಲ್ಲ, ಲಾರಿ ತೂಕ ಓದಲು ಓ0 ಧಾರಾಳ ಸಾಕು. ಭಯ ಬೇರೆ. ನಾಳೆ ನೀವು ಆ ಫಂಕ್ಷನ್ನಿಗೆ ಡ್ರೈವರ್ ಫೋನ್ ನಂಬರ್ ಅಂತ ಇನ್ನೊಂದು ಜಾಗ ಸೇರಿಸಿದರೆ ಜೋಡಣೆ ಮತ್ತೆ ಬದಲಾಗುತ್ತದೆ. ಮೇಲಾಗಿ ಕೆಲವು ವಾರ್ನಿಂಗ್‌ಗಳು ಆಪ್ಟಿಮೈಸೇಷನ್ ಇದ್ದರೆ ಮಾತ್ರ ಸರಿಯಾಗಿ ಬರುತ್ತವೆ, ಓ0ರಲ್ಲಿ ಕಂಪೈಲರ್ ಅಷ್ಟು ಆಳಕ್ಕೆ ನೋಡುವುದೇ ಇಲ್ಲ.

ತುರ್ತಿಗೆ ಒಂದು ದಾರಿ ಇದೆ, ನಾನೇನೂ ಅದನ್ನು ಕೀಳಾಗಿ ನೋಡಲ್ಲ. ಹಳೇ ಪಿಸಿಯ 32 ಬಿಟ್ ಬೈನರಿಯನ್ನೇ (ಬಿಲ್ಡ್ ಆಗಿರುವ ಪ್ರೋಗ್ರಾಂ) ತಂದು, ಹೊಸ ಡೆಬಿಯನ್ನಿಗೆ ಐ386 (32 ಬಿಟ್) ಲೈಬ್ರರಿಗಳನ್ನು ಸೇರಿಸಿ ಓಡಿಸುವುದು. ಬೈನರಿ ಅದೇ, ಜೋಡಣೆ ಅದೇ, ಹಾಗಾಗಿ ಇಷ್ಟು ವರ್ಷ ಹೇಗೆ ನಡೆಯಿತೋ ಹಾಗೇ ನಡೆಯುವ ಸಾಧ್ಯತೆ ಹೆಚ್ಚು. ಆದರೆ ಅದರಲ್ಲಿ ಒಂದು ಅಕ್ಷರ ಬದಲಿಸಲೂ ಆಗಲ್ಲ, ತಪ್ಪು ಒಳಗೇ ಮಲಗಿರುತ್ತದೆ, 32 ಬಿಟ್ ಗಡಿಯಾರ 2038ರ ಜನವರಿ 19ಕ್ಕೆ ಮುಗಿಯುತ್ತದೆ. ಒಂದು ಸುಗ್ಗಿ ದಾಟಿಸಲು ಸರಿ. ಹಳೇ ಡೆಬಿಯನ್ 9ನ್ನೇ ಹೊಸ ಪಿಸಿಯೊಳಗೆ ಪ್ರತ್ಯೇಕ ಕೋಣೆಯಂತಿರುವ ಕಂಟೇನರ್‌ನಲ್ಲಿ ಕೂರಿಸುವವರೂ ಇದ್ದಾರೆ. ಅದರ ಎಲ್‌ಟಿಎಸ್ (ದೀರ್ಘಾವಧಿ) ಸೆಕ್ಯುರಿಟಿ ಅಪ್‌ಡೇಟ್ 2022ರ ಜೂನ್‌ನಲ್ಲೇ ನಿಂತಿದೆ, ನೆಟ್‌ವರ್ಕ್ ಕೊಡದೆ ಇಟ್ಟರೆ ಪರವಾಗಿಲ್ಲ, ಸೀರಿಯಲ್ ಪೋರ್ಟನ್ನು ಮಾತ್ರ ಒಳಗೆ ಕೊಡಬೇಕಾಗುತ್ತದೆ.

ನಾನಾದರೆ ಸೋರ್ಸ್ ಸರಿ ಮಾಡ್ತೀನಿ. ಎರಡು ದಿನದ ಕೆಲಸ. ಮೂರೂ ಫ್ಲ್ಯಾಗ್ ಕಿತ್ತುಹಾಕಿ, ಡಬ್ಲ್ಯು-ಆಲ್, ಡಬ್ಲ್ಯು-ಎಕ್ಸ್‌ಟ್ರಾ ಹಾಕಿ ಓ2ರಲ್ಲೇ ಬಿಲ್ಡ್ ಮಾಡಿ. ನೂರು ಸಾಲು ವಾರ್ನಿಂಗ್ ಬಂದರೆ ಹೆದರಬೇಡಿ, ಅರ್ಧಕ್ಕರ್ಧ ಒಂದೇ ಹೆಡರಿನದ್ದಾಗಿರುತ್ತವೆ. ತೂಕದ ಜಾಗವನ್ನು 7 ಮಾಡಿ, ಆರು ಬೈಟ್ ಕಾಪಿ ಮಾಡಿ, ಏಳನೆಯದಕ್ಕೆ ಸೊನ್ನೆ ನೀವೇ ಬರೆಯಿರಿ. ಎಟುಐ ಬದಲು ಸ್ಟ್ರ್-ಟು-ಎಲ್ ಬಳಸಿದರೆ ಎಲ್ಲಿಗೆ ಓದಿ ನಿಲ್ಲಿಸಿತು ಅಂತಲೂ ಗೊತ್ತಾಗುತ್ತದೆ, ಆರಕ್ಕೆ ನಿಂತಿಲ್ಲದಿದ್ದರೆ ಚೀಟಿ ಹೊಡೆಯಬೇಡಿ.

ಆಮೇಲೆ ಓ1, ಜಿ, ಎಫ್‌ಸ್ಯಾನಿಟೈಝ್ ಈಕ್ವಲ್ ಟು ಅಡ್ರೆಸ್ ಕಾಮಾ ಅನ್‌ಡಿಫೈನ್ಡ್ ಅಂತ ಹಾಕಿ ಬೇರೆ ಒಂದು ಬಿಲ್ಡ್ ಮಾಡಿ. ಇದು ಗಿರಾಕಿಗೆ ಕೊಡುವ ಬಿಲ್ಡ್ ಅಲ್ಲ, ಪರೀಕ್ಷೆಯದ್ದು. ಜಾಗ ಮೀರಿ ಒಂದು ಬೈಟ್ ಓದಿದರೂ ಅಲ್ಲೇ ನಿಂತು ಸಾಲಿನ ನಂಬರ್ ಹೇಳುತ್ತದೆ. ಪ್ರತಿ ಸಲ ಲಾರಿ ಬರುವವರೆಗೆ ಕಾಯಬೇಕಿಲ್ಲ. ಇಂಡಿಕೇಟರ್ ಕಳಿಸುವುದನ್ನು ಒಂದು ದಿನ ಪೂರ್ತಿ ಫೈಲಿಗೆ ಹಿಡಿದಿಡಿ, ಸೋಕ್ಯಾಟ್ ಬಳಸಿ ಸುಳ್ಳು ಸೀರಿಯಲ್ ಪೋರ್ಟ್ ಮಾಡಿ ಅದನ್ನೇ ತಿರುಗಿಸಿ ಓಡಿಸಿ. ಗೋಡೌನ್ ನಂಬರ್ ಇರುವ, ಇಲ್ಲದ ಎರಡೂ ಥರ ಸೇರಿ ಇನ್ನೂರು ಚೀಟಿ ಹಳೇ ಪಿಸಿಯದ್ದಕ್ಕೆ ತಾಳೆ ಬಂದರೆ ಬದಲಾಯಿಸಿ.

ಇಷ್ಟೆಲ್ಲ ಆದ ಮೇಲೂ ಎಲ್ಲೋ ತಪ್ಪು ಉಳಿದರೆ ಆಗ ಕಂಪೈಲರ್ ಮೇಲೆ ಅನುಮಾನ ಪಡೋಣ. ಕಂಪೈಲರ್ ಕೋಡಿನ ಬಗ್ಗೆ ಮಾಡುವ ಕೆಲವು ಊಹೆಗಳನ್ನು ನಿಲ್ಲಿಸುವ ಎಫ್-ನೋ-ಸ್ಟ್ರಿಕ್ಟ್-ಅಲಿಯಾಸಿಂಗ್ ಮತ್ತು ಎಫ್‌ರಾಪ್‌ವಿ ಹಾಕಿ ನೋಡಿ, ಕ್ಲಾಂಗ್ ಅನ್ನೋ ಬೇರೆ ಕಂಪೈಲರ್‌ನಲ್ಲಿ ಬಿಲ್ಡ್ ಮಾಡಿ ನೋಡಿ. ಆ ಎರಡು ಫ್ಲ್ಯಾಗಿಗೆ ತಪ್ಪು ಮಾಯವಾದರೆ ಬಹುಮಟ್ಟಿಗೆ ಕೋಡಿನದ್ದೇ. ಜಿಸಿಸಿಯವರೂ ಬಗ್ ದಾಖಲಿಸುವ ಮುಂಚೆ ಇದನ್ನೇ ಮಾಡಿ ಬನ್ನಿ ಅಂತ ಕೇಳುತ್ತಾರೆ. ಒಳ್ಳೆಯ ಪ್ರೋಗ್ರಾಮರ್ ಬರೆದದ್ದು ಹೀಗೆಲ್ಲ ಕೆಡಲ್ಲ ಅಂತ ಮಾತ್ರ ತಿಳಿಯಬೇಡಿ. 2016ರಲ್ಲಿ ಜಿಸಿಸಿ 6 ಬಂದಾಗ, ಸಿ++ನಲ್ಲಿ ‘ದಿಸ್’ ಪಾಯಿಂಟರ್ ಎಂದೂ ಖಾಲಿ ಇರಲ್ಲ ಅಂತ ಅದು ಗಟ್ಟಿಯಾಗಿ ನಂಬಲು ಶುರು ಮಾಡಿತು, ಆಗ ಕ್ಯೂಟಿ, ಕ್ರೋಮಿಯಂ ಅಂಥವೇ ಮುಗ್ಗರಿಸಿದ್ದವು. ನಿಮ್ಮ ಹಿಂದಿನವರನ್ನು ಬೈಯುವ ಅಗತ್ಯ ಇಲ್ಲ, ಫೋನ್ ಎತ್ತದಿದ್ದಕ್ಕೆ ಬೇಕಾದರೆ ಬೈಯಿರಿ. ಕೋಡ್ ಹೇಗೂ ಬಿಚ್ಚಿದ್ದೀರಿ, ಅದರಲ್ಲಿ ಯಾರಾದರೂ ‘ಬೂಲ್’ ಅನ್ನೋ ಹೆಸರಿಗೆ ತಾವೇ ಟೈಪ್‌ಡೆಫ್ ಮಾಡಿದ್ದರೆ (ಹೊಸ ಟೈಪ್ ಅಂತ ಕೊಟ್ಟಿದ್ದರೆ) ಈಗಲೇ ತೆಗೆದುಬಿಡಿ. 2025ರ ಏಪ್ರಿಲ್‌ನಲ್ಲಿ ಬಂದ ಜಿಸಿಸಿ 15ರಲ್ಲಿ ಅದು ಭಾಷೆಯದೇ ಪದವಾಗಿದೆ, ಮುಂದಿನ ಅಪ್‌ಗ್ರೇಡಿಗೆ ಅಲ್ಲಿ ನಿಲ್ಲುತ್ತೀರಿ.

ಕೊನೆಗೆ ಹೊಸ ಪಿಸಿಯಿಂದ ಈಗಾಗಲೇ ಹೋಗಿರುವ ಚೀಟಿಗಳು. 1,24,803 ಅಂತ ಬಂದರೆ ಯಾರ ಕಣ್ಣಿಗೂ ಬೀಳುತ್ತದೆ, ಅಷ್ಟು ಭಾರದ ನೆಲ್ಲಿನ ಲಾರಿಯನ್ನು ಯಾರೂ ನೋಡಿಲ್ಲ. ಆದರೆ 2,150 ಕೆಜಿಯ ಒಂದು ಚಿಕ್ಕ ಗೂಡ್ಸ್ ಗಾಡಿ ಎರಡನೇ ಗೋಡೌನಿಗೆ ಹೋಗಿದ್ದರೆ ಚೀಟಿಯಲ್ಲಿ 21,502 ಅಂತ ಬಂದಿರುತ್ತದೆ. ಅದು ಒಂದು ಲಾರಿಯ ತೂಕದಂತೆಯೇ ಕಾಣುತ್ತದೆ, ಗುಮಾಸ್ತರು ಹಾಗೇ ಲೆಡ್ಜರಿಗೆ ಏರಿಸಿಬಿಟ್ಟಿರಬಹುದು. ಟ್ರ್ಯಾಕ್ಟರ್, ಚಿಕ್ಕ ಗಾಡಿಗಳ ಚೀಟಿಯಲ್ಲಿ ಗೋಡೌನ್ ನಂಬರ್ ಇರುವವನ್ನು ಬೇರೆ ತೆಗೆದು, ತೂಕದ ಕೊನೆಯ ಅಂಕಿಯೂ ಗೋಡೌನ್ ನಂಬರೂ ಒಂದೇ ಇರುವವನ್ನು ಇವತ್ತೇ ಸಾಹುಕಾರರ ಮುಂದೆ ಇಡಿ.